ಮರಳಿ ಬಾರದ ಮಾಲು

ಪಟ್ಟಿಯಕ್ಕ ಒಂದು ಸಲ ಬೇಡ ಅಂದರೆ ಮುಗಿಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಅವಳು. ಇದು ಅವಳ ಗಂಡನಿಗೆ ಮದುವೆಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿಕೊಂಡವನು ಈಗ ಯಾರ ಹತ್ತಿರ ದೂರು ಹೇಳಬೇಕು? ಆದರೂ ಈ ಸಲದ ‘ಬೇಡ’ ಅವನನ್ನು ಹಣ್ಣು ಮಾಡಿಬಿಟ್ಟಿತ್ತು. ಅವಳ ಬಲಗಡೆಯ ಸೊಂಟದ ಕೀಲು ಸವೆದುಹೋಗಿತ್ತು. ಅಡುಗೆಮನೆಯಿಂದ ಹಜಾರಕ್ಕೆ ಬರಬೇಕಾದರೆ ಗೋಡೆ, ಬಾಗಿಲ ಚೌಕಟ್ಟು, ಕುರ್ಚಿಯ ಬೆನ್ನು, ಹೀಗೆ ಒಬ್ಬೊಬ್ಬರ ಕೈ ಹಿಡಿದುಕೊಂಡೇ ಬರಬೇಕು. ಕೀಲು ಬದಲಾಯಿಸೋಣ ಅಂತ ಡಾಕ್ಟರು ಹೇಳಿದ್ದರು. ತಡ ಮಾಡಿದರೆ ತೊಡೆಯ ಸ್ನಾಯು ಸೊರಗುತ್ತದೆ, ಆಮೇಲೆ ಹೊಸ ಕೀಲು ಹಾಕಿದರೂ ಮೊದಲಿನ ಹಾಗೆ ನಡೆಯುವುದು ಕಷ್ಟ ಅಂತಲೂ ಹೇಳಿದ್ದರು. ಪಟ್ಟಿಯಕ್ಕ ಎಲ್ಲವನ್ನೂ ಗಮನವಿಟ್ಟು ಕೇಳಿ, ಬೇಡ ಅಂದಿದ್ದಳು.

ಅವಳಿಗೆ ಆ ಹೆಸರು ಬಂದದ್ದು ಕೆಲಸದಿಂದ. ಲೋಹದ ಭಾಗಗಳಿಗೆ ಲೇಪ ಹಾಕುವ ಶೆಡ್ಡೊಂದರಲ್ಲಿ ಅವಳದು ಪಟ್ಟಿ ಸುತ್ತುವ ಕೆಲಸ. ಗಿರಣಿಯ ರೋಲರು, ಯಂತ್ರದ ದಂಡ, ಪಂಪಿನ ಬಿಡಿಭಾಗ ಏನೇ ಬರಲಿ, ಲೇಪ ಬೀಳಬೇಕಾದ ಜಾಗವನ್ನು ಮಾತ್ರ ಬಿಟ್ಟು ಉಳಿದ ಮೈಯನ್ನೆಲ್ಲ ಬಿಸಿ ತಡೆಯುವ ಪಟ್ಟಿಯಿಂದ ಮುಚ್ಚಬೇಕು. ಒಂದು ಸುಕ್ಕು ಬಿದ್ದರೂ ಅದರ ಸಂದಿಯಲ್ಲಿ ಲೇಪ ನುಗ್ಗುತ್ತದೆ. ಹೊಸ ಸೊಸೆಗೆ ಸೀರೆ ಉಡಿಸುವ ಅತ್ತೆಗಿಂತ ಹೆಚ್ಚು ನಾಜೂಕಾಗಿ ಅವಳು ಕಬ್ಬಿಣಕ್ಕೆ ಉಡಿಸುತ್ತಿದ್ದಳು. ಅವಳ ಗಂಡ ಅದೇ ಶೆಡ್ಡಿನಲ್ಲಿ ಗನ್ನು ಹಿಡಿಯುವವನು. ಗನ್ನಿನ ಸದ್ದು ಕೇಳಿ ಕೇಳಿ ಕಿವಿ ಅರ್ಧ ಕೆಟ್ಟು, ತಾನು ಮೆತ್ತಗೆ ಮಾತಾಡುತ್ತಿದ್ದೇನೆ ಎಂದುಕೊಂಡು ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದುದರಿಂದ ಅವನಿಗೆ ಗುಡುಗಪ್ಪ ಎಂದು ಹೆಸರು. ಗುಟ್ಟು ಹೇಳಲು ಅವನಷ್ಟು ನಾಲಾಯಕ್ಕಾದ ಮನುಷ್ಯ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ.

ಆ ಗನ್ನು ಗುಂಡು ಹಾರಿಸುವ ಗನ್ನಲ್ಲ. ಅದರೊಳಗೆ ಎರಡು ಲೋಹದ ತುದಿಗಳ ನಡುವೆ ವಿದ್ಯುತ್ತಿನ ಕಿಡಿ ಹೊತ್ತಿಸಿ, ಆ ಕಿಡಿಯ ಮಧ್ಯೆ ಅನಿಲ ಹಾಯಿಸುತ್ತಾರೆ. ಅನಿಲ ಕಾದು ಕಾದು ಕೊನೆಗೆ ತಾನು ಅನಿಲ ಎನ್ನುವುದನ್ನೇ ಮರೆತು ಇನ್ನೊಂದು ಸ್ಥಿತಿಗೆ ಹೋಗುತ್ತದೆ. ಅದೇ ಪ್ಲಾಸ್ಮಾ. ಸೂರ್ಯನಲ್ಲಿರುವುದೂ ಅದೇ ಎಂದು ಶೆಡ್ಡಿನ ಯಜಮಾನರು ಹೊಸಬರಿಗೆಲ್ಲ ಹೇಳುತ್ತಿದ್ದರು. “ಅಂದ್ರೆ ನಾವು ಸೂರ್ಯನ್ನ ಕೈಯಲ್ಲಿ ಹಿಡ್ಕೊಂಡು ಸುಣ್ಣ ಬಳಿಯೋರು” ಎಂದು ಗುಡುಗಪ್ಪ ಗುಡುಗುತ್ತಿದ್ದ. ಬಳಿಯುತ್ತಿದ್ದುದು ಸುಣ್ಣವಲ್ಲ, ಪಿಂಗಾಣಿಯ ಜಾತಿಯ ಗಟ್ಟಿ ಪುಡಿ. ಸಾಮಾನ್ಯ ಬೆಂಕಿಗೆ ಜಗ್ಗದ ಆ ಪುಡಿ ಪ್ಲಾಸ್ಮಾದ ಜ್ವಾಲೆಯಲ್ಲಿ ಕರಗಿ, ಹನಿಹನಿಯಾಗಿ ಹಾರಿ, ಲೋಹಕ್ಕೆ ಬಡಿದು ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತದೆ. ಹಾಗೆ ಪದರದ ಮೇಲೆ ಪದರ ಬಿದ್ದರೆ, ಸವೆಯುವ ಉಕ್ಕಿಗೆ ಸವೆಯದ ಚರ್ಮ ಬಂದ ಹಾಗೆ.

ಆ ದಿನಗಳನ್ನು ನೆನೆಸಿಕೊಂಡರೆ ಗುಡುಗಪ್ಪನಿಗೆ ಈಗಲೂ ಮೂಗಿಗೆ ಬಿಸಿ ಧೂಳಿನ ವಾಸನೆ ಬರುತ್ತದೆ. ಗನ್ನಿನ ಕೋಣೆಗೆ ಕಪ್ಪು ಗಾಜಿನ ಒಂದು ಕಿಟಕಿ ಇತ್ತು. ಒಳಗೆ ಅವನು, ಹೊರಗೆ ಅವಳು. ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ಪಟ್ಟಿ ಬಿಟ್ಟುಕೊಂಡಿತು, ನಿಲ್ಲಿಸು, ಎಡಕ್ಕೆ ಹೊಡಿ, ಊಟದ ಹೊತ್ತಾಯಿತು, ಎಲ್ಲವೂ ಕೈಸನ್ನೆಯಲ್ಲೇ. ಊಟದ ಹೊತ್ತಾಯಿತು ಎನ್ನುವ ಸನ್ನೆಗೂ ಕಾಯದೆ ಅವನು ಹೊತ್ತಿಗೆ ಮೊದಲೇ ಗನ್ನು ಆರಿಸಿ ಹೊರಗೆ ಬರಲು ಶುರುಮಾಡಿದಾಗ ಶೆಡ್ಡಿನವರಿಗೆಲ್ಲ ವಿಷಯ ತಿಳಿಯಿತು. ತಿಳಿಯದೆ ಉಳಿದವರು ಅವರಿಬ್ಬರು ಮಾತ್ರ.

ಅವರನ್ನು ಗಂಡಹೆಂಡಿರನ್ನಾಗಿ ಮಾಡಿದ್ದು ಒಂದು ಕಪಾಟು. ಶೆಡ್ಡಿನ ಬಾಗಿಲಲ್ಲೇ ಕಬ್ಬಿಣದ ಒಂದು ದೊಡ್ಡ ಕಪಾಟಿತ್ತು. ಲೇಪ ಎದ್ದುಬಂದದ್ದು, ಬಿರುಕು ಬಿಟ್ಟದ್ದು, ಗಿರಾಕಿ ಬೈದು ವಾಪಸ್ ಕಳಿಸಿದ್ದು, ಎಲ್ಲ ಮಾಲೂ ಕೆಂಪು ದಾರ ಕಟ್ಟಿಸಿಕೊಂಡು ಅಲ್ಲಿ ಕೂರುತ್ತಿತ್ತು. ಯಜಮಾನರು ಬೇಕೆಂದೇ ಅದನ್ನು ಬಾಗಿಲಲ್ಲಿ ಇಡಿಸಿದ್ದರು. ಬೆಳಿಗ್ಗೆ ಬಂದವರು ಮೊದಲು ಅದರ ಮುಖ ನೋಡಿಯೇ ಒಳಗೆ ಹೋಗಬೇಕು. ಶನಿವಾರ ಮಧ್ಯಾಹ್ನ ಎಲ್ಲರೂ ಅದರ ಮುಂದೆ ಸೇರಿ, ಇದು ಯಾರ ತಪ್ಪು ಎಂದು ತೀರ್ಮಾನಿಸಬೇಕು. ಶೆಡ್ಡಿನವರು ಇದಕ್ಕೆ ಪಂಚಾಯ್ತಿ ಅನ್ನುತ್ತಿದ್ದರು. ಮರಳುಪುಡಿ ಹೊಡೆದು ಲೋಹದ ಮೈಯನ್ನು ಒರಟು ಮಾಡುವ ಧೂಳಪ್ಪ, “ನಾನು ಒರಟು ಮಾಡಿಕೊಟ್ಟ ಮೇಲೆ ಯಾರೋ ಬರಿಗೈಯಲ್ಲಿ ಮುಟ್ಟಿದ್ದಾರೆ, ಕೈಯ ಜಿಡ್ಡಿಗೆ ಲೇಪ ಹಿಡಿದಿಲ್ಲ” ಅನ್ನುತ್ತಿದ್ದ. ಪ್ರತಿ ಶನಿವಾರವೂ ಅವನದು ಇದೊಂದೇ ಮಾತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಉಳಿದವರು ನಗುತ್ತಿದ್ದರು.

ಪಟ್ಟಿಯಕ್ಕ ಮಾತ್ರ ನಗುತ್ತಿರಲಿಲ್ಲ. ಯಾವ ಮಾಲು ಬಂದರೂ ಮೊದಲು “ನಂದೇ ತಪ್ಪಿರ್ಬೇಕು” ಅನ್ನುವವಳು ಅವಳು. ಒಂದು ಶನಿವಾರ ಅವಳು ಹಾಗೆ ಅನ್ನುತ್ತಿದ್ದಂತೆ ಗುಡುಗಪ್ಪ “ಅಲ್ಲ, ನಂದು! ನಾನೇ ಗನ್ನು ದೂರ ಹಿಡಿದಿದ್ದೆ” ಎಂದು ಕಪಾಟು ಅದುರುವಂತೆ ಕೂಗಿದ. ಅವಳು ಇಲ್ಲ ನಂದು ಅಂದಳು. ಅವನು ಇಲ್ಲ ನಂದು ಅಂದ. ಯಜಮಾನರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿ, “ಸುಮ್ನೆ ಮದುವೆಯಾಗ್ಬಿಡಿ. ತಪ್ಪನ್ನ ಮನೇಲೇ ಹಂಚ್ಕೊಳ್ಳಿ, ನಮಗೆ ಕೆಲಸ ಇದೆ” ಅಂದರು. ಹಾಗೆಯೇ ಆಯಿತು. ಈಗ ಯಜಮಾನರಿಲ್ಲ. ಶೆಡ್ಡೂ ಇಲ್ಲ, ಆ ಜಾಗದಲ್ಲಿ ಮಂಚ ಮೇಜು ಮಾರುವ ಅಂಗಡಿ ಬಂದಿದೆ. ಗುಡುಗಪ್ಪ ಅದರ ಮುಂದೆ ಹಾದುಹೋಗುವಾಗಲೆಲ್ಲ ಹೆಜ್ಜೆ ನಿಧಾನ ಮಾಡುತ್ತಾನೆ, ಅಂಗಡಿಯವನು ಗಿರಾಕಿ ಎಂದುಕೊಂಡು ಎದ್ದು ನಿಲ್ಲುತ್ತಾನೆ.

ಇಷ್ಟು ಹಿಂದಿನದು. ಈಗ ಡಾಕ್ಟರ ಕೋಣೆಯಲ್ಲಿ ನಡೆದದ್ದು ಕೇಳಿ. ಡಾಕ್ಟರು ಒಳ್ಳೆಯ ಹೆಂಗಸು, ಗಡಿಬಿಡಿಯಿಲ್ಲದವರು. ಮೇಜಿನ ಖಾನೆಯಿಂದ ಮಾದರಿಯ ಕೀಲೊಂದನ್ನು ತೆಗೆದು ಪಟ್ಟಿಯಕ್ಕನ ಕೈಯಲ್ಲಿಟ್ಟರು. ತೊಡೆಮೂಳೆಯ ಒಳಗೆ ಇಳಿಯುವ ಲೋಹದ ಕಡ್ಡಿ. ಮೇಲ್ಭಾಗ ಕನ್ನಡಿಯಂತೆ ನುಣುಪು, ಕೆಳಭಾಗಕ್ಕೆ ಬಿಳಿಯ ಒರಟು ಲೇಪ.

“ಈ ಬಿಳೀದು ಇದೆಯಲ್ಲಮ್ಮ, ಇದು ಮೂಳೆಯಲ್ಲಿರೋ ಅಂಥದ್ದೇ ಪದಾರ್ಥ. ಪ್ಲಾಸ್ಮಾದಲ್ಲಿ ಕರಗಿಸಿ ಹಾಕ್ತಾರೆ. ನಿಮ್ಮ ಮೂಳೆ ಇದನ್ನ ತನ್ನದೇ ಅಂದ್ಕೊಂಡು ಬೆಳೆದು ಹಿಡ್ಕೊಳ್ಳುತ್ತೆ.”

ಪಟ್ಟಿಯಕ್ಕನ ಮುಖ ಒಂದು ಕ್ಷಣ ಅರಳಿತು. ನುಣುಪು ಮುಗಿದು ಒರಟು ಶುರುವಾಗುವ ಗೆರೆಯ ಮೇಲೆ ಉಗುರಾಡಿಸಿದಳು. “ಅಂಚು ಚೆನ್ನಾಗಿ ಕಟ್ಟಿದ್ದಾರೆ” ಎಂದು ಗಂಡನಿಗೆ ತೋರಿಸಿದಳು. ಗುಡುಗಪ್ಪನಿಗೆ ಎಲ್ಲಿಲ್ಲದ ಖುಷಿಯಾಯಿತು. ಜೀವನವಿಡೀ ಮಾಡಿದ ಕೆಲಸವೇ ಈಗ ಹೆಂಡತಿಯನ್ನು ಎಬ್ಬಿಸಿ ನಡೆಸುತ್ತದೆ, ಇದಕ್ಕಿಂತ ಹೆಚ್ಚಿನ ಭಾಗ್ಯ ಉಂಟೇ ಎಂದುಕೊಂಡ. ತಾನೊಂದು ಬಗೆದರೆ ದೈವವೊಂದು ಬಗೆಯಿತು.

“ಡಾಕ್ಟ್ರೇ, ಇದು ಎದ್ದುಬಂದ್ರೆ?” ಎಂದು ಕೇಳಿದಳು ಪಟ್ಟಿಯಕ್ಕ.

“ಅಪರೂಪ ಅಮ್ಮ. ತುಂಬಾ ಅಪರೂಪ.”

“ನಮ್ಮಲ್ಲಿ ಅಪರೂಪ ಇರ್ಲಿಲ್ಲ. ಕಪಾಟು ತುಂಬಿರ್ತಿತ್ತು” ಎಂದು ಅವಳು ಆ ಕಡ್ಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ಡಾಕ್ಟರು ಸಮಾಧಾನವಾಗಿಯೇ ವಿವರಿಸಿದರು. ಈ ಲೇಪಕ್ಕೆ ಇರುವ ಪರೀಕ್ಷೆಗಳು, ಎಷ್ಟು ಜನ ಇಂಥದ್ದನ್ನು ಹಾಕಿಸಿಕೊಂಡು ಓಡಾಡುತ್ತಿದ್ದಾರೆ, ಎಲ್ಲವನ್ನೂ ಹೇಳಿದರು. ಅವಳು ಹೂಂ ಅನ್ನುತ್ತಲೇ ಇದ್ದಳು. ಮನೆಗೆ ಬಂದು ಕುರ್ಚಿಯಲ್ಲಿ ಕೂತ ಮೇಲೆ ಗಂಡನಿಗೆ ಕೇಳುವ ಹಾಗೆ ಜೋರಾಗಿ ಹೇಳಿದಳು.

“ನೋಡಿ, ಗಿರಾಕಿ ವಾಪಸ್ ಕಳ್ಸಿದ್ರೆ ನಾವು ಹಳೇ ಲೇಪ ಕಿತ್ತು, ಧೂಳಪ್ಪ ಮತ್ತೆ ಒರಟು ಮಾಡಿ, ನಾನು ಪಟ್ಟಿ ಸುತ್ತಿ, ನೀವು ಮತ್ತೆ ಹೊಡೀತಿದ್ರಿ. ನನ್ನ ತೊಡೆ ಒಳಗಿರೋದು ಎದ್ದುಬಂದ್ರೆ ನನ್ನನ್ನ ಯಾವ ಕಪಾಟಲ್ಲಿ ಇಡ್ತೀರಿ? ಕೆಂಪು ದಾರ ಎಲ್ಲಿಗೆ ಕಟ್ತೀರಿ?”

“ಅಲ್ಲ ಕಣೇ, ಡಾಕ್ಟ್ರು ಹೇಳಿದ್ದು…”

“ಡಾಕ್ಟ್ರು ಹೇಳಿದ್ದು ನಿಜ ಇರ್ಬಹುದು. ಆದ್ರೆ ನನ್ನ ಕಣ್ಣು ನೋಡಿದ್ದು ಸುಳ್ಳಲ್ಲ. ನನಗೆ ಬೇಡ.”

ಅಲ್ಲಿಂದ ಶುರುವಾಯಿತು ಮನೆಯ ಪಂಚಾಯ್ತಿ. ಮಗಳು ಬಂದು ಅತ್ತಳು, “ಅಮ್ಮಾ, ನಮ್ಮ ಮಾತಿಗೆ ಬೆಲೆನೇ ಇಲ್ವಾ?” ಅಂದಳು. ಅಳಿಯ ಬಂದು ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಪಟ್ಟಿಯಕ್ಕ ವಿಡಿಯೋ ಪೂರ್ತಿ ನೋಡಿ, ಅದರಲ್ಲಿ ನಡೆದಾಡುತ್ತಿದ್ದ ಮುದುಕನ ಬಣ್ಣದ ಅಂಗಿಯನ್ನು ಹೊಗಳಿ, ಮೊಬೈಲು ವಾಪಸ್ ಕೊಟ್ಟಳು. ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು. ಅತ್ತ ನೋವು ಮಾತ್ರ ದಿನದಿನಕ್ಕೆ ಏರುತ್ತಿತ್ತು. ಕುರ್ಚಿಯಿಂದ ಏಳುವಾಗ ಅವಳು ಹಲ್ಲು ಕಚ್ಚುವುದನ್ನು ಗುಡುಗಪ್ಪ ಪೇಪರಿನ ಮರೆಯಿಂದ ನೋಡುತ್ತಿದ್ದ. ಅವನಿಗೆ ಹೆದರಿಕೆಯಾಗುತ್ತಿತ್ತು, ನಾಚಿಕೆಯಿಲ್ಲದೆ ಹೇಳುವುದಾದರೆ ಅಳುವೂ ಬರುತ್ತಿತ್ತು. ಇಷ್ಟು ವರ್ಷ ಮನೆಯೊಳಗೆ ಓಡಾಡಿದ ಹೆಂಗಸು ಕುರ್ಚಿಗೆ ಅಂಟಿಕೊಂಡುಬಿಟ್ಟರೆ ಆ ಮನೆಯಲ್ಲಿ ತಾನು ಹೇಗೆ ಇರಲಿ ಎನ್ನುವುದು ಅವನಿಗೆ ತಿಳಿಯಲಿಲ್ಲ.

ಒಂದು ಸಂಜೆ ಚಹಾದ ಅಂಗಡಿಯಲ್ಲಿ ಧೂಳಪ್ಪ ಸಿಕ್ಕ. ಗುಡುಗಪ್ಪ ತನ್ನ ಸಂಕಟವನ್ನು ಅವನೊಬ್ಬನಿಗೇ ಹೇಳಿದೆನೆಂದುಕೊಂಡು ಇಡೀ ಅಂಗಡಿಗೆ ಹೇಳಿದ. ಧೂಳಪ್ಪ ಲೋಟ ತಿರುಗಿಸುತ್ತ ಕೇಳಿಸಿಕೊಂಡು, “ತಂಗಿ ಹೇಳೋದ್ರಲ್ಲೂ ಅರ್ಥ ಇದೆ. ನಾವು ಕೆಟ್ಟ ಮಾಲು ಬಿಟ್ರೆ ಇನ್ನೇನು ನೋಡಿದ್ವಿ?” ಅಂದ.

“ಅಂದ್ರೆ ನಾವು ಮಾಡಿದ್ದೆಲ್ಲ ಕೆಟ್ಟೋಯ್ತು ಅಂತೀಯಾ?”

“ಅಯ್ಯೋ ಪುಣ್ಯಾತ್ಮ, ಚೆನ್ನಾಗಿರೋ ಮಾಲು ವಾಪಸ್ ಯಾಕೆ ಬರುತ್ತೆ? ಅದು ಹೋಯ್ತು, ಅದರ ಕೆಲಸ ಮಾಡ್ಕೊಂಡು ಎಲ್ಲೋ ಇದೆ. ನಿನ್ನ ಮಗಳು ಸುಖವಾಗಿದ್ರೆ ದಿನಾ ತವರಿಗೆ ಬರ್ತಾಳಾ?”

ಗುಡುಗಪ್ಪ ಚಹಾ ಅರ್ಧಕ್ಕೆ ಬಿಟ್ಟ. ಇಂಥ ಸರಳವಾದ ಮಾತು ಇಷ್ಟು ವರ್ಷ ತನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಬಾಗಿಲಲ್ಲಿ ಕೂತಿದ್ದ ಆ ಕಪಾಟನ್ನು ಅವರು ದಿನಾ ನೋಡಿದ್ದರು. ಹಿಂಬಾಗಿಲಿನಿಂದ ಗಾಡಿ ತುಂಬಿ ಹೋಗುತ್ತಿದ್ದ ಮಾಲು ಆಮೇಲೆ ಏನಾಯಿತೆಂದು ಒಬ್ಬರೂ ಒಂದು ದಿನವೂ ಹೋಗಿ ನೋಡಿರಲಿಲ್ಲ. ಸರಿ, ಈಗಲಾದರೂ ಹೋಗಿ ನೋಡೋಣ ಎಂದು ಮರುದಿನ ಬೆಳಿಗ್ಗೆ ಇಬ್ಬರೂ ಹೊರಟರು.

ಹೇಳಿದಷ್ಟು ಸುಲಭವಾಗಲಿಲ್ಲ. ನೂಲಿನ ಗಿರಣಿಗೆ ಹೋದರೆ ಗಿರಣಿಯೇ ಇರಲಿಲ್ಲ, ಕಾಂಪೌಂಡಿನೊಳಗೆ ಮನೆಗಳು ಎದ್ದಿದ್ದವು. ಕಾವಲುಗಾರ ಇಬ್ಬರನ್ನೂ ಮನೆ ಕೊಳ್ಳಲು ಬಂದವರೆಂದು ತಿಳಿದು ಮಾದರಿ ಫ್ಲ್ಯಾಟು ತೋರಿಸಿದ, ಧೂಳಪ್ಪ ಅಡುಗೆಮನೆ ಚಿಕ್ಕದಾಯಿತೆಂದು ತಕರಾರು ತೆಗೆದ. ಛಾಪಾಖಾನೆಯ ರೋಲರುಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಕಾಗದದ ಕಾರ್ಖಾನೆಯವರು ಗೇಟಿನಲ್ಲೇ ತಡೆದರು. ಬಿಸಿಲಿನಲ್ಲಿ ಅಲೆದು ಅಲೆದು ಧೂಳಪ್ಪನ ಚಪ್ಪಲಿ ಕಿತ್ತುಹೋಯಿತು. ಕಿತ್ತ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತವನು ಇದ್ದಕ್ಕಿದ್ದಂತೆ, “ಏ ಗುಡುಗಾ, ನೀರಿನ ಪಂಪು!” ಅಂದ.

ಗುಡುಗಪ್ಪನಿಗೂ ನೆನಪಾಯಿತು. ಮಗಳು ಇನ್ನೂ ಚಿಕ್ಕ ಶಾಲೆಗೆ ಹೋಗುತ್ತಿದ್ದ ಕಾಲ. ಊರಿಗೆ ನೀರು ಕೊಡುವ ಪಂಪ್‌ಹೌಸಿನಲ್ಲಿ ಎರಡು ದೊಡ್ಡ ಪಂಪು. ಅವುಗಳ ದಂಡ ಸವೆಯಬಾರದೆಂದು ಅದರ ಮೇಲೆ ತೊಡಿಸುವ ಲೋಹದ ಕೊಳವೆ, ಸ್ಲೀವ್ ಅನ್ನುತ್ತಾರೆ, ಪದೇಪದೇ ಸವೆದು ನೀರು ಸೋರುತ್ತಿತ್ತು. ಆ ಸ್ಲೀವುಗಳಿಗೆ ಗಟ್ಟಿ ಕಪ್ಪು ಲೇಪ ಹಾಕಿಕೊಡಿ ಎಂದು ಕೇಳಿಕೊಂಡು ಬಂದಿದ್ದರು. ಹಾಕಿಕೊಟ್ಟಿದ್ದರು. ಅದು ಕಪಾಟಿಗೆ ಬಂದದ್ದು ಇಬ್ಬರಿಗೂ ನೆನಪಿರಲಿಲ್ಲ.

ಅಲ್ಲಿಗೆ ಹೋಗಿ, ಆ ಪಂಪುಗಳು ಇನ್ನೂ ಇವೆಯೇ ಎಂದು ಗೇಟಿನಲ್ಲಿ ವಿಚಾರಿಸಿಕೊಂಡು ಬಂದ ಗುಡುಗಪ್ಪ, ಮನೆಗೆ ಬಂದವನೇ ಹೆಂಡತಿಯ ಮುಂದೆ ನಿಂತ. ಸುಳ್ಳು ಹೇಳಿ ಕರೆದುಕೊಂಡು ಹೋಗುವ ಜಾಣತನ ಅವನಲ್ಲಿರಲಿಲ್ಲ.

“ಏಳು, ಆಟೋ ತಂದಿದ್ದೀನಿ. ನಮ್ಮ ಮಾಲು ನೋಡೋಕೆ ಹೋಗ್ಬೇಕು.”

“ಮಾಲಾ? ವಾಪಸ್ ಬಂತಾ? ಯಾವುದು?” ಅವಳ ಮುಖ ಸಣ್ಣದಾಯಿತು.

“ಬಂದಿಲ್ಲ. ಅದಕ್ಕೇ ನಾವೇ ಹೋಗ್ಬೇಕು.”

ನೋವಿದ್ದರೂ ಅವಳು ಎದ್ದಳು. ಮಾಲು ಎಂದ ಮೇಲೆ ಪಟ್ಟಿಯಕ್ಕನಿಗೆ ಕೂತಲ್ಲಿ ಕೂರಲಾಗುವುದಿಲ್ಲ.

ಪಂಪ್‌ಹೌಸಿನ ಮೆಟ್ಟಿಲುಗಳನ್ನು ಅವಳು ಗಂಡನ ಹೆಗಲು ಹಿಡಿದು ಒಂದೊಂದಾಗಿ ಇಳಿದಳು. ಪ್ರತಿ ಮೆಟ್ಟಿಲಿಗೂ ಅವಳ ಬೆರಳು ಅವನ ಹೆಗಲಿಗೆ ನಾಟುತ್ತಿತ್ತು. ಒಳಗೆ ಒಂದು ಪಂಪು ಓಡುತ್ತಿತ್ತು, ಇನ್ನೊಂದು ಸರದಿಗೆ ಕಾಯುತ್ತ ನಿಂತಿತ್ತು. ನಡುವಯಸ್ಸಿನ ಪಂಪಿನವನು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬಂದು, ಸ್ಟೂಲು ಎಳೆದು ಅವಳನ್ನು ಕೂರಿಸಿದ. ನಿಂತ ಪಂಪಿನ ದಂಡದ ಹತ್ತಿರ ಬ್ಯಾಟರಿ ಬಿಟ್ಟ. ದಂಡ ಪಂಪಿನೊಳಗೆ ಹೋಗುವ ಕಡೆ, ಬೆರಳಗಲದಷ್ಟು ಕಪ್ಪು ಲೇಪ ಹೊರಗೆ ಇಣುಕುತ್ತಿತ್ತು.

ಪಟ್ಟಿಯಕ್ಕ ಬಾಗಿ ನೋಡಿದಳು. ಲೇಪದ ಅಂಚು ಸಣ್ಣಗೆ ಇಳಿಜಾರಾಗಿ ಲೋಹದಲ್ಲಿ ಸೇರಿಹೋಗಿತ್ತು. ಹೀಗೆ ಇಳಿಜಾರು ಬರಬೇಕಾದರೆ ಪಟ್ಟಿಯ ತುದಿಯನ್ನು ಒಂದಿಷ್ಟು ಎತ್ತಿ ಮಡಿಸಬೇಕು. ಶೆಡ್ಡಿನಲ್ಲಿ ಹಾಗೆ ಮಡಿಸುತ್ತಿದ್ದವಳು ಅವಳೊಬ್ಬಳೇ.

“ಇದು ನಂದು” ಅಂದಳು. ಆಮೇಲೆ ಗಂಡನ ಕಡೆ ತಿರುಗಿ, “ರೀ, ಇದು ನಮ್ದು!” ಎಂದು ಕೂಗಿದಳು.

“ಇದನ್ನ ಯಾವಾಗ ಬದಲಾಯಿಸಿದ್ರಪ್ಪ?” ಎಂದು ಪಂಪಿನವನನ್ನು ಕೇಳಿದಳು.

“ಇದನ್ನಾ? ನೀರು ಸೋರದ ಹಾಗೆ ಸುತ್ತ ತುರುಕಿರೋ ಹುರಿ ಬದಲಾಯಿಸ್ತಿರ್ತೀವಿ. ಸ್ಲೀವ್ ಮುಟ್ಟಿಲ್ಲ. ನಾನು ಕೆಲಸಕ್ಕೆ ಸೇರಿದಾಗ್ಲೂ ಇದೇ ಇತ್ತು. ಆ ಪಂಪಿನದೂ ಅಷ್ಟೇ. ಯಾಕಮ್ಮಾ, ಏನಾದ್ರೂ ತೊಂದ್ರೆ ಇದ್ಯಾ ಇದ್ರಲ್ಲಿ?”

ಅವನು ನಿಜವಾಗಿ ಗಾಬರಿಯಾಗಿದ್ದ. ಇಷ್ಟು ದೂರ, ಕಾಲು ಎಳೆದುಕೊಂಡು, ಯಾರಾದರೂ ಚೆನ್ನಾಗಿರುವುದನ್ನು ನೋಡಲು ಬರುತ್ತಾರೆಂದು ಅವನು ಹೇಗೆ ತಿಳಿದಾನು?

“ನಿಮ್ಮ ಮನೆ ಯಾವ ಕಡೆ?” ಎಂದು ಅವನು ಕೇಳಿದ. ಹಳೇ ಬಸ್ ಡಿಪೋ ಹಿಂದೆ ಎಂದು ಗುಡುಗಪ್ಪ ಹೇಳಿದ.

“ಹಾಗಾದ್ರೆ ನಿಮ್ಮ ಮನೆ ನೀರೂ ಇಲ್ಲಿಂದ್ಲೇ ಬರೋದು. ಆ ಕಡೆಗೆಲ್ಲ ಈ ಎರಡೇ ಪಂಪು.”

ಪಟ್ಟಿಯಕ್ಕನ ಕಣ್ಣ ಮುಂದೆ ತನ್ನ ಅಡುಗೆಮನೆಯ ನಲ್ಲಿ ಬಂದು ನಿಂತಿತು. ಮಗಳಿಗೆ ತಲೆ ತೊಳೆದದ್ದು, ಅತ್ತೆಯ ಕೊನೆಯ ಕಾಯಿಲೆಯಲ್ಲಿ ಬಟ್ಟೆ ಒಗೆದದ್ದು, ಈ ಗಂಡನಿಗೆ ಬೇಯಿಸಿ ಹಾಕಿದ್ದು, ಎಲ್ಲ ಈ ನೀರಿನಲ್ಲಿ. ಕಪಾಟಿನ ಮುಂದೆ ನಿಂತು ‘ನಂದೇ ತಪ್ಪು’ ಎಂದು ತಲೆ ತಗ್ಗಿಸಿ ಮನೆಗೆ ಬಂದ ಎಷ್ಟೋ ಶನಿವಾರ ಅವಳು ಇದೇ ನೀರಿನಲ್ಲಿ ಮುಖ ತೊಳೆದುಕೊಂಡಿದ್ದಳು. ಅವಳಿಗೆ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು, ಮುಚ್ಚುಮರೆಯಿಲ್ಲದೆ ಅತ್ತಳು. ಗುಡುಗಪ್ಪನೂ ಅತ್ತ, ಮೆತ್ತಗೆ ಅಳುತ್ತಿದ್ದೇನೆಂದು ತಿಳಿದು, ಪಂಪಿನ ಸದ್ದನ್ನೂ ಮೀರಿಸುವ ಹಾಗೆ.

ಪಂಪಿನವನಿಗೆ ಕೈಕಾಲು ಆಡದಾಯಿತು. ಸಮಾಧಾನ ಮಾಡುವ ದಾರಿ ಅವನಿಗೆ ತಿಳಿದದ್ದು ಒಂದೇ. ಸ್ಪ್ಯಾನರು ಕೈಗೆತ್ತಿಕೊಂಡು, “ಅಮ್ಮಾ, ಅನುಮಾನ ಇದ್ರೆ ಬಿಚ್ಚಿ ತೋರಿಸ್ತೀನಿ. ಈ ಪಂಪು ಹೇಗೂ ನಿಂತಿದೆ. ಒಳಗೆ ಹೇಗಿದೆ ಅಂತ ನೀವೇ ನೋಡ್ಬಿಡಿ” ಅಂದ.

ಹೆಂಡತಿಯನ್ನು ಗುಡುಗಪ್ಪ ಬಲ್ಲ. ಉಗುರಾಡಿಸದೆ, ತಿರುಗಿಸಿ ಮುರುಗಿಸಿ ನೋಡದೆ ಅವಳು ಯಾವ ಮಾಲನ್ನೂ ನಂಬಿದವಳಲ್ಲ. ಒಳಗೆ ಎಲ್ಲಾದರೂ ಕೂದಲೆಳೆಯ ಬಿರುಕು ಕಂಡರೆ ಇಲ್ಲಿಗೆ ಕಥೆ ಮುಗಿದಂತೆ.

ಪಟ್ಟಿಯಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಪಂಪಿನವನ ಸ್ಪ್ಯಾನರನ್ನು ನೋಡಿದಳು, ಕಪ್ಪು ಅಂಚನ್ನು ನೋಡಿದಳು.

“ಬೇಡಪ್ಪ, ಬಿಚ್ಬೇಡ” ಅಂದಳು. “ಅದು ಒಳಗೆ ಚೆನ್ನಾಗೇ ಇರುತ್ತೆ. ಇರ್ಲಿ ಬಿಡು.”

ಗಂಡನ ಕೈ ಹಿಡಿದು ಎದ್ದಳು. ಮೆಟ್ಟಿಲ ಬುಡದಲ್ಲಿ ನಿಂತು, ಅವನಿಗೆ ಕೇಳಲಿ ಎಂದು ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು.

“ರೀ, ಆ ಡಾಕ್ಟ್ರು ಇವತ್ತು ಎಷ್ಟು ಹೊತ್ತಿನ ತನಕ ಇರ್ತಾರೆ?”